ಕರೆಯದೆ ಬರುವವರು

ಇರಾನಿನ ಅಧ್ಯಕ್ಷರಾಗಿದ್ದ ಇಬ್ರಾಹಿಂ ರೈಸಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಾಗ ಭಾರತ ಸರ್ಕಾರ ಒಂದು ದಿನದ ಶೋಕಾಚರಣೆ ಘೋಷಿಸಿತ್ತು. 2024ರ ಮೇ 21, ಮಂಗಳವಾರ. ದೆಹಲಿಯಲ್ಲಿ ಬಾವುಟ ಅರ್ಧಕ್ಕಿಳಿದರೆ ಚಾಮರಾಜನಗರದಲ್ಲೂ ಇಳಿಯಬೇಕು, ನಿಯಮ ಹಾಗಿದೆ. ಜಿಲ್ಲಾಡಳಿತ ಭವನದ ಮುಂದೆ ಕಂಬದ ನಡುವಿಗೆ ನಿಂತಿದ್ದ ಬಾವುಟವನ್ನು ಪಿಂಚಣಿ ಕಾಗದಕ್ಕೆಂದು ಬಂದಿದ್ದ ಅಜ್ಜಿಯೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಧಾರ್ ಕಾರ್ಡಿನ ನಕಲುಗಳು ಮತ್ತು ಎಲೆ-ಅಡಿಕೆ.

"ಯಾಕಪ್ಪ, ಬಾವುಟ ಅರ್ದುಕ್ಕೇ ನಿಂತದಲ್ಲ?"

"ದೊಡ್ಡೋರು ತೀರ್ಕಂಡವ್ರೆ ಕನವ್ವ. ಇರಾನ್ ದೇಸದೋರು" ಅಂದ ಕಾವಲಿನವನು.

"ಅಯ್ಯೋ ಸಿವ್ನೆ. ಏನಾಗಿತ್ತು?"

"ಎಲಿಕಾಪ್ಟರ್ ಬಿದ್ದೋಯ್ತಂತ. ಬೆಟ್ಟದಲ್ಲಿ ಮಂಜು ಮುಸ್ಕಿತ್ತಂತ."

"ಹೆಂಡ್ರು ಮಕ್ಳು ಅವ್ರಾ? ಮಕ್ಳು ಎಳೇವಾ?"

"ಇರ್ತರ ಬುಡವ್ವ."

ಅಜ್ಜಿಗೆ ಆ ಉತ್ತರ ಸಾಲಲಿಲ್ಲ. ಆಮೇಲೆ ಯಾರಿಗೆ ಹೆಣ ಸಿಕ್ಕಿತು, ಮಣ್ಣು ಮಾಡಿದರೋ ಇಲ್ಲವೋ, ಮನೆಯಲ್ಲಿ ದುಡಿಯುವವರು ಬೇರೆ ಯಾರಿದ್ದಾರೆ ಎಂದೆಲ್ಲ ವಿಚಾರಿಸಿದಳು. ಕಾವಲಿನವನಿಗೆ ಟೆಹರಾನಿನ ಮನೆವಾರ್ತೆ ತಿಳಿದಿರಲಿಲ್ಲ. ಕೊನೆಗೆ "ಏನ್ ಮಾಡಕಾದದು, ಅವರ ರುಣ ಅಷ್ಟೇ ಇತ್ತು" ಎಂದು ಲೊಚಗುಟ್ಟಿ ಅವಳು ಕ್ಯೂ ಸೇರಿಕೊಂಡಳು. ಆ ದಿನ ಇರಾನಿಗೆ ಹೋದ ಸಂತಾಪಗಳಲ್ಲಿ ಇದು ಸೇರಿರಲಿಕ್ಕಿಲ್ಲ. ಸೇರಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆವತ್ತಿನಿಂದ ನನಗೊಂದು ಚಟ ಹತ್ತಿತು. ಎಲ್ಲಾದರೂ ಭೂಕಂಪವೋ ವಿಮಾನ ದುರಂತವೋ ಆದರೆ, ದೇಶದೇಶಗಳ ದೊಡ್ಡವರು ಏನೆಂದು ಸಂತಾಪ ಹೇಳಿದರು ಎಂದು ಪತ್ರಿಕೆಯ ಒಳಪುಟದಲ್ಲಿ ಹುಡುಕಿ ಓದುತ್ತೇನೆ. ಇದರಲ್ಲಿ ಒಂದು ಕ್ರಮವಿದೆ. ರಾಷ್ಟ್ರಪತಿಗೆ ರಾಷ್ಟ್ರಾಧ್ಯಕ್ಷರೇ ಬರೆಯಬೇಕು, ಪ್ರಧಾನಿಗೆ ಪ್ರಧಾನಿಯೇ. ರಾಯಭಾರ ಕಚೇರಿಯಲ್ಲಿ ಸಂತಾಪದ ಪುಸ್ತಕ ತೆರೆದಿಡುತ್ತಾರೆ. ಪಕ್ಕದಲ್ಲಿ ಒಂದು ಫೋಟೋ, ಹೂದಾನಿ, ಒಳ್ಳೆಯ ಪೆನ್ನು. ಬರೆಯುವ ಮಾತೂ ಮೊದಲೇ ಗೊತ್ತು: ತೀವ್ರ ಆಘಾತವಾಗಿದೆ, ದುಃಖತಪ್ತ ಕುಟುಂಬಗಳ ಜೊತೆಗಿದ್ದೇವೆ, ಗಾಯಾಳುಗಳು ಬೇಗ ಗುಣಮುಖರಾಗಲಿ. ದೇಶದ ಹೆಸರೊಂದನ್ನು ಬದಲಿಸಿದರೆ ಒಂದೇ ಕಾಗದ ಹತ್ತು ದುರಂತಕ್ಕೆ ಆಗುತ್ತದೆ. ಇದನ್ನು ಕಂಡು ನಗುವವರಿದ್ದಾರೆ. ನಾನು ನಗಲಾರೆ. ಸಾವಿನ ಮನೆಯಲ್ಲಿ ಹೊಸ ಮಾತು ಹುಡುಕಲು ಹೊರಟವನೇ ಅಪಾಯಕಾರಿ. ಇಂಥ ಒಬ್ಬ ನೆಂಟ ಎಲ್ಲರ ಬಳಗದಲ್ಲೂ ಇರುತ್ತಾನೆ. ಅವನು ಬಾಯಿ ತೆರೆದ ಕೂಡಲೇ ಯಾರಾದರೂ ಅವನನ್ನು ಟೀ ಕುಡಿಸಲು ಹೊರಗೆ ಕರೆದೊಯ್ಯುತ್ತಾರೆ.

ನಮ್ಮ ಗುಂಡ್ಲುಪೇಟೆ ಕಡೆ ಸಾವಿನ ಮನೆಗೆ 'ಮಾತಾಡಿಸ್ಕಂಡ್ ಬರಕ' ಹೋಗುವುದು ಒಂದು ಶಾಸ್ತ್ರ. ಹೋದವರು ಮೊದಲು ಜಗುಲಿಯ ಅಂಚಿನಲ್ಲೋ ಕಂಬಕ್ಕೆ ಒರಗಿಯೋ ಕೂರುತ್ತಾರೆ. ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಮನೆಯವರು ತಲೆ ಎತ್ತಿ ನೋಡಿದಾಗ ಹೋದವರು ತಲೆ ತಗ್ಗಿಸುತ್ತಾರೆ. ಆಮೇಲೆ ಒಂದೊಂದಾಗಿ ಪ್ರಶ್ನೆ ಶುರು. ಯಾವ ವತ್ನಲ್ಲಿ ಹೋದ್ರು? ಯಾರಿದ್ರು ಹತ್ರ? ನೀರು ಕುಡಿದ್ರಾ? ಏನಾದ್ರೂ ಅಂದ್ರಾ? ಹಿಂದಿನ ರಾತ್ರಿ ಉಂಡಿದ್ರಾ? ಈ ಪ್ರಶ್ನೆಗಳನ್ನು ಬಂದವರೆಲ್ಲ ಕೇಳುತ್ತಾರೆ, ಮನೆಯವರು ಪ್ರತಿ ಸಲವೂ ಮೊದಲಿನಿಂದ ಹೇಳುತ್ತಾರೆ. ಬೆಳಿಗ್ಗೆ ಹೇಳುವಾಗ ಗಂಟಲು ಕಟ್ಟಿ ಅರ್ಧಕ್ಕೆ ನಿಂತ ಕತೆ ಸಂಜೆಯ ಹೊತ್ತಿಗೆ ಪೂರ್ತಿಯಾಗಿ, ಸಣ್ಣಪುಟ್ಟ ವಿವರಗಳೊಂದಿಗೆ, ಕೆಲವೊಮ್ಮೆ ಒಂದು ನಗೆಯ ಜೊತೆಗೂ ಹೊರಬರುತ್ತದೆ: "ಉಪ್ಸಾರಿಗೆ ಉಪ್ಪು ಕಮ್ಮಿ ಅಂತ ಬಯ್ದೇ ಮಲಗ್ದ ಕನಪ್ಪ!" ಕೇಳುವವರಿಗೆ ಉತ್ತರ ಬೇಕೆಂದು ಕೇಳುವುದಲ್ಲ. ಹೇಳಿ ಹೇಳಿ ಮನೆಯವರ ಎದೆಯ ಭಾರ ಇಳಿಯಲಿ ಎಂದು ಕೇಳುವುದು.

ದೇಶಗಳ ಸಂತಾಪದಲ್ಲಿ ಪ್ರಶ್ನೆಯೇ ಇರುವುದಿಲ್ಲ. ಹುಡುಕಿ ನೋಡಿ. ಎಲ್ಲ ಹೇಳಿಕೆಗಳೇ. ಕೇಳಿದರೆ ಆಂತರಿಕ ವಿಷಯದಲ್ಲಿ ಕೈಹಾಕಿದಂತೆ ಆಗುತ್ತದೆ.

2021ರ ಏಪ್ರಿಲ್ ಕೊನೆಗೆ, ಕೊರೊನಾದ ಎರಡನೇ ಅಲೆಯಲ್ಲಿ ಇಡೀ ಭಾರತವೇ ಸಾವಿನ ಮನೆಯಾಗಿದ್ದಾಗ ಲೋಕವೆಲ್ಲ ನಮ್ಮ ಕಡೆ ತಿರುಗಿತ್ತು. ಏಪ್ರಿಲ್ 25ರ ರಾತ್ರಿ ದುಬೈನ ಬುರ್ಜ್ ಖಲೀಫಾ ಬುಡದಿಂದ ತುದಿಯವರೆಗೆ ಕೇಸರಿ, ಬಿಳಿ, ಹಸಿರಾಗಿ ಬೆಳಗಿತು. ಮೂರು ದಿನ ಕಳೆದು ಕೆನಡಾದವರು ನಯಾಗರ ಜಲಪಾತಕ್ಕೂ ಅದೇ ಬಣ್ಣ ಹರಿಸಿದರು. ನಮ್ಮ ಬೀದಿಯ ಹುಡುಗರ ಮೊಬೈಲಿನಲ್ಲೆಲ್ಲ ಆ ವಿಡಿಯೊ. ಬೆಳಕು ಚೆನ್ನಾಗಿಯೇ ಇತ್ತು. ಆದರೆ ಆ ವಾರ ಮೊಬೈಲಿನಲ್ಲಿ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತಿತ್ತು: ಎಲ್ಲಿ ಬೆಡ್ ಖಾಲಿ ಇದೆ, ಯಾರಲ್ಲಿ ಸಿಲಿಂಡರ್ ಇದೆ. ಎರಡನ್ನೂ ಒಂದೇ ಬೆರಳಲ್ಲಿ ತಳ್ಳುತ್ತ ಕೂತಿದ್ದೆವು.

ಬೆಳಕಿನ ಹಿಂದೆಯೇ ಸಾಮಾನೂ ಬಂತು ಎನ್ನುವುದನ್ನು ಮರೆಯಬಾರದು. ಏಪ್ರಿಲ್ 27ರಂದು ಬ್ರಿಟನ್ನಿನ ವೆಂಟಿಲೇಟರುಗಳು, ಆಮ್ಲಜನಕ ಸಾಂದ್ರಕಗಳು ದೆಹಲಿಯಲ್ಲಿಳಿದವು. ಆಮೇಲೆ ಸಾಲುಸಾಲು, ನಲವತ್ತಕ್ಕೂ ಹೆಚ್ಚು ದೇಶಗಳು ಕೈ ಚಾಚಿದವು. ಪಾಕಿಸ್ತಾನದ ಈಧಿ ಫೌಂಡೇಶನ್ನಿನ ಫೈಸಲ್ ಈಧಿ 50 ಆಂಬುಲೆನ್ಸುಗಳನ್ನು ಕಳಿಸುತ್ತೇವೆ, ಸಿಬ್ಬಂದಿಯೂ ನಮ್ಮವರೇ, ಒಳಗೆ ಬಿಟ್ಟರೆ ಸಾಕು ಎಂದು ನಮ್ಮ ಪ್ರಧಾನಿಗೆ ಕಾಗದ ಬರೆದರು. ಆ ಆಂಬುಲೆನ್ಸುಗಳು ವಾಘಾ ದಾಟಲಿಲ್ಲ. ದಾಟುತ್ತವೆ ಎಂದು ನಾನೂ ನಂಬಿರಲಿಲ್ಲ; ಆದರೂ 2001ರ ಭುಜ್ ಭೂಕಂಪದಲ್ಲಿ ಅದೇ ಪಾಕಿಸ್ತಾನದಿಂದ ವಿಮಾನದಲ್ಲಿ ಡೇರೆ, ಕಂಬಳಿ ಬಂದಿದ್ದವು, ನಾವು ಇಳಿಸಿಕೊಂಡಿದ್ದೆವು.

"ಮದುವೆಗೆ ಕರೆದರೆ ಹೋಗು, ಸಾವಿಗೆ ಕರೆಯದಿದ್ದರೂ ಹೋಗು" ಎನ್ನುತ್ತಾರೆ ನಮ್ಮಲ್ಲಿ. ದೇಶದೇಶಗಳ ನಡುವೆ ಈ ಗಾದೆ ನಡೆಯುವುದಿಲ್ಲ. ಸಾವಿಗೂ ಕರೆಯಬೇಕು. 2004ರ ಸುನಾಮಿಯ ಹೊತ್ತಿಗೆ ಭಾರತ, ನಮ್ಮ ಕಷ್ಟ ನಾವೇ ನೋಡಿಕೊಳ್ಳಬಲ್ಲೆವು ಎಂದು ಹೊರಗಿನ ಸರ್ಕಾರಗಳ ನೆರವನ್ನು ಬೇಡ ಅಂದಿತು. ಬೇಡ ಅಂದದ್ದಷ್ಟೇ ಅಲ್ಲ, ಶ್ರೀಲಂಕಾ, ಮಾಲ್ದೀವ್ಸ್, ಇಂಡೋನೇಷ್ಯಾಗಳಿಗೆ ತಾನೇ ಹಡಗು ಕಳಿಸಿತು. ಅಲ್ಲಿಂದ ಮುಂದೆ ಅದೇ ನೀತಿಯಾಯಿತು. 2018ರಲ್ಲಿ ಕೇರಳ ಮುಳುಗಿದಾಗ ಸಂಯುಕ್ತ ಅರಬ್ ಸಂಸ್ಥಾನ 700 ಕೋಟಿ ರೂಪಾಯಿ ಕೊಡುತ್ತದಂತೆ ಎಂಬ ಮಾತು ಎದ್ದು, ಕೇಂದ್ರ ಬೇಡ ಅನ್ನುವುದು, ಕೇರಳ ಬೇಕು ಅನ್ನುವುದು ನಡೆದು, ಕೊನೆಗೆ ಆ ದೇಶದ ರಾಯಭಾರಿಯೇ ಅಂಥ ಮೊತ್ತವೇನೂ ನಿಗದಿಯಾಗಿಲ್ಲ ಎಂದುಬಿಟ್ಟರು. ಆ ವಾರ ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಪರೋಟ ಹರಿಯುತ್ತ ಕೂತ ಮಲಯಾಳಿ ಲಾರಿ ಚಾಲಕರ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ನನಗೆ ಎರಡೂ ಕಡೆಯವರ ಮಾತು ಅರ್ಥವಾಗುತ್ತಿತ್ತು. ಹಮ್ಮು ಬಡವರಲ್ಲೂ ಇರುತ್ತದೆ. ಸಾವಾದ ಮನೆಗೆ ಪಕ್ಕದವರು ತಂದ ಅನ್ನವನ್ನು ಹೊಸಿಲಿನಲ್ಲೇ ತಡೆದು 'ನಮ್ಮಲ್ಲಿ ಅದ' ಎನ್ನುವವರನ್ನು ನಾನೇ ನೋಡಿದ್ದೇನೆ. 2021ರಲ್ಲಿ ಮಾತ್ರ 'ನಮ್ಮಲ್ಲಿ ಅದ' ಎನ್ನುವ ಹಾಗಿರಲಿಲ್ಲ.

ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲವಾದದ್ದು ಮೇ 2ರ ರಾತ್ರಿ. ಸಿಲಿಂಡರುಗಳು ತುಂಬಿ ಬರಬೇಕಾದದ್ದು ಅರುವತ್ತು ಕಿಲೋಮೀಟರ್ ದೂರದ ಮೈಸೂರಿನಿಂದ. ರಾತ್ರಿ ಕಳೆದು ಮೇ 3ರ ಬೆಳಗಾಗುವ ಹೊತ್ತಿಗೆ 24 ಮಂದಿ ಇರಲಿಲ್ಲ. ಮೂವರು ಮಾತ್ರ ಆಮ್ಲಜನಕವಿಲ್ಲದೆ ಸತ್ತದ್ದು, ಉಳಿದವರಿಗೆ ಬೇರೆ ಬೇರೆ ಕಾಯಿಲೆಗಳಿದ್ದವು ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಈ ಕಡೆ ಜಿಲ್ಲೆಯಿಂದ ಆ ಕಡೆ ಜಿಲ್ಲೆಗೆ, ಆ ಕಡೆಯಿಂದ ಈ ಕಡೆಗೆ ದೂರು ಹಾರಾಡಿತು. ಹೊರದೇಶದ ಪತ್ರಿಕೆಗಳಲ್ಲೂ ನಮ್ಮ ಊರಿನ ಹೆಸರು ಬಂತು. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರ ಎಂಬ ಊರಿಗೆ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರ ಮಾಡಿದ್ದರಷ್ಟೆ. ಇನ್ನೂರು ವರ್ಷದಲ್ಲಿ ಆ ಹೆಸರು ಅಷ್ಟು ದೂರ ಹೋದದ್ದು ಈ ಕಾರಣಕ್ಕೆ.

ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹರೈನಿನಿಂದ ದ್ರವ ಆಮ್ಲಜನಕ ತುಂಬಿದ ಕಂಟೇನರುಗಳನ್ನು ಹೊತ್ತು ನವ ಮಂಗಳೂರು ಬಂದರಿಗೆ ಬಂತು. ಸಮುದ್ರ ಸೇತು-2 ಎಂದು ಆ ಕಾರ್ಯಾಚರಣೆಗೆ ಹೆಸರು. ಬಂದರಿನಲ್ಲಿ ಕ್ರೇನ್ ಆ ಕಂಟೇನರನ್ನು ಎತ್ತಿ ಲಾರಿಗೆ ಇಳಿಸುವ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಮಂಗಳೂರಿನ ಬಿಸಿಲಿಗೆ ಹೊಳೆಯುವ ಉದ್ದನೆಯ ಬಿಳಿಯ ತೊಟ್ಟಿ. ಚಾಮರಾಜನಗರದಿಂದ ಆ ಬಂದರಿಗೆ ಮುನ್ನೂರು ಕಿಲೋಮೀಟರಿನ ಆಸುಪಾಸು. ಬಹರೈನ್ ಎಂದರೆ ಒಂದು ಪುಟ್ಟ ದೇಶ. ಅಲ್ಲಿಂದ ಸಮುದ್ರ ದಾಟಿ ಬರುವುದಕ್ಕೆ ದಾರಿಯಿತ್ತು. ಮೈಸೂರಿನಿಂದ ನಂಜನಗೂಡು ದಾಟಿ ಬರುವುದಕ್ಕೆ ಆ ರಾತ್ರಿ ದಾರಿ ಸಿಕ್ಕಿರಲಿಲ್ಲ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನಾನು ಎಷ್ಟೋ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೇನೆ. ಕೋಪ ಬಂದಾಗ ಬಹರೈನಿನ ಮೇಲೂ ಬಂದಿದೆ: ಎರಡು ದಿನ ಮೊದಲೇ ಬರಬಾರದಿತ್ತೇ? ಇದಕ್ಕೆ ಅರ್ಥವಿಲ್ಲ ಎಂದು ಗೊತ್ತು.

ಹೋದವರ ಮನೆಗಳಿಗೆ ಮಾತಾಡಿಸಲು ಹೋಗುವುದೂ ಆಗ ಕಷ್ಟವೇ. ಲಾಕ್‌ಡೌನ್, ಭಯ. ಹೋದವರು ಅಂಗಳದಲ್ಲೇ ನಿಂತು, ಮಾಸ್ಕಿನೊಳಗಿಂದ ಅದೇ ಹಳೆಯ ಪ್ರಶ್ನೆಗಳನ್ನು ಕೇಳಿದರು. ಬೇರೆ ಪ್ರಶ್ನೆ ಯಾರಿಗೂ ಬರುವುದಿಲ್ಲವಲ್ಲ. ಯಾವ ವತ್ನಲ್ಲಿ? ಗೊತ್ತಿಲ್ಲ. ಯಾರಿದ್ರು ಹತ್ರ? ಯಾರನ್ನೂ ಒಳಕ್ಕೆ ಬಿಟ್ಟಿರಲಿಲ್ಲ. ನೀರು ಕುಡಿದ್ರಾ? ಗೊತ್ತಿಲ್ಲ. ಏನಾದ್ರೂ ಅಂದ್ರಾ? ಫೋನ್ ಮಾಡಿದ್ರು, ಉಸಿರು ಕಟ್ತಾ ಅದ ಅಂದ್ರು, ಆಮೇಲೆ ಎತ್ತಲಿಲ್ಲ. ತಲೆಮಾರುಗಳಿಂದ ಮನೆಯವರ ಎದೆ ಹಗುರ ಮಾಡುತ್ತ ಬಂದಿದ್ದ ಪ್ರಶ್ನೆಗಳು ಅಲ್ಲಿ ಒಂದಾದ ಮೇಲೊಂದು ಬಂದು ಬಡಿದವು. ಕೇಳಿದವರು ಕೇಳಬಾರದಿತ್ತು ಎಂದುಕೊಂಡು ಎದ್ದು ಬಂದರು.

ಆ ಉತ್ತರಗಳಿಗಾಗಿ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ಬಂತು. ಸರ್ಕಾರ ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ಆಯೋಗವನ್ನೂ ನೇಮಿಸಿತು. ಎಷ್ಟು ಹೊತ್ತಿಗೆ ಒತ್ತಡ ಇಳಿಯಿತು, ಯಾರು ಯಾರಿಗೆ ಫೋನ್ ಮಾಡಿದರು, ಲಾರಿ ಎಲ್ಲಿತ್ತು. ಜಗುಲಿಯ ಮೇಲೆ ಕೂತು ಕೇಳುವ ಪ್ರಶ್ನೆಗಳನ್ನೇ ಕಾನೂನಿನ ಭಾಷೆಯಲ್ಲಿ ಕೇಳಿದ ಹಾಗೆ. ಇಂಥ ಸಮಿತಿಗಳಿಂದ ಏನಾಗುತ್ತದೆ ಎಂದು ಮೂಗೆಳೆಯುವುದು ಸುಲಭ. ಆದರೆ ಹೋದವರ ಮನೆಯವರು ಪರಿಹಾರದ ಹಣದಷ್ಟೇ ಹಟದಿಂದ ಹಿಡಿದು ಕೂತದ್ದು ಇದನ್ನು: ಆ ರಾತ್ರಿ ಏನಾಯಿತು ಹೇಳಿ. 2022ರ ಸೆಪ್ಟೆಂಬರ್ 30ರಂದು ಭಾರತ ಜೋಡೊ ಯಾತ್ರೆ ಗುಂಡ್ಲುಪೇಟೆಯ ಮೂಲಕ ಕರ್ನಾಟಕಕ್ಕೆ ಕಾಲಿಟ್ಟಾಗ ರಾಹುಲ್ ಗಾಂಧಿ ಈ ಕುಟುಂಬಗಳ ಜೊತೆ ಕೂತರು. ಅದರಲ್ಲಿ ರಾಜಕೀಯ ಇರಲಿಲ್ಲ ಅನ್ನುವಷ್ಟು ಮುಗ್ಧ ನಾನಲ್ಲ. ಕೂತರು, ಕೇಳಿದರು, ಅವರು ಮೊದಲಿನಿಂದ ಹೇಳಿದರು. ಅಷ್ಟಾಯಿತು.

ಇಲ್ಲಿ ನಮ್ಮ ಊರಿನ ಒಂದು ವಿಚಿತ್ರವನ್ನೂ ಹೇಳಿಬಿಡಬೇಕು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಳಿಂದ ಬೆಳೆದು ಬಂದದ್ದು. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ನಂಬುವವರು ಬೆರಳು ಮಡಚಿ ಲೆಕ್ಕ ಒಪ್ಪಿಸುತ್ತಾರೆ. ಹೊಸ ಜಿಲ್ಲೆಯಾದಾಗ ಜೆ.ಎಚ್. ಪಟೇಲರು, ಸಮಾಜವಾದಿಯಾದರೂ, ಮಲೆ ಮಹದೇಶ್ವರ ಬೆಟ್ಟದಲ್ಲಿ ಕೂತು ಜಿಲ್ಲೆಯನ್ನು ಉದ್ಘಾಟಿಸಿ ಮಾದಪ್ಪನ ಪಾದ ಹಿಡಿದರು. ಸಿದ್ದರಾಮಯ್ಯ ಮೇಲಿಂದ ಮೇಲೆ ಬಂದು, ಐದು ವರ್ಷ ಪೂರೈಸಿ, ಮತ್ತೆ ಎರಡನೇ ಸಲ ಮುಖ್ಯಮಂತ್ರಿಯಾಗಿ ಅಂಜಿಕೆಗೆ ಪೆಟ್ಟು ಕೊಟ್ಟರು ಅನ್ನಿ. ಆದರೂ ಯೋಚಿಸಿ: ಮಾಸ್ಕೋ, ವಾಷಿಂಗ್ಟನ್ನುಗಳಿಂದ ಸಂತಾಪ ಗಳಿಗೆಯಲ್ಲಿ ಬರುವ ಲೋಕದಲ್ಲಿ, ಬೆಂಗಳೂರಿನಿಂದ ನೂರೆಂಬತ್ತು ಕಿಲೋಮೀಟರ್ ಬರಲು ದೊರೆಗಳು ಜ್ಯೋತಿಷಿಯನ್ನು ಕೇಳುತ್ತಿದ್ದ ಊರು ನಮ್ಮದು. ಕರೆದರೂ ಬಾರದವರ ಪಟ್ಟಿ ನಮ್ಮಲ್ಲಿ ಕರೆಯದೆ ಬಂದವರ ಪಟ್ಟಿಗಿಂತ ಉದ್ದ.

2021ರ ಆ ಮೇ ತಿಂಗಳ ಕೊನೆಗೆ ಕೀನ್ಯಾದಿಂದ ಒಂದು ಉಡುಗೊರೆ ಬಂತು. 12 ಟನ್ ಚಹಾ, ಕಾಫಿ, ಕಡಲೆಕಾಯಿ. ಭಾರತದ ರೆಡ್ ಕ್ರಾಸ್ ಸಂಸ್ಥೆಗೆ. ಹಗಲು ರಾತ್ರಿ ದುಡಿಯುತ್ತಿರುವ ಆರೋಗ್ಯ ಸಿಬ್ಬಂದಿ ಒಂದು ಗಳಿಗೆ ಕೂತು ಕುಡಿಯಲಿ ಎಂದು ಅವರ ಹೈಕಮಿಷನರ್ ಹೇಳಿದರು. ನಮ್ಮಲ್ಲಿ ಕೆಲವರು ನಕ್ಕರು. ಚಹಾ ಬೆಳೆಯುವ ದೇಶಕ್ಕೆ ಚಹಾ? ನಮಗೆ ಈ ಗತಿ ಬಂತೇ? ನಗುವವರ ಬಾಯಿ ಮುಚ್ಚಿಸಲು ಇನ್ನು ಕೆಲವರು ಅದೇ ಕೀನ್ಯಾದ ಮಸಾಯಿ ಬುಡಕಟ್ಟಿನವರ ಕತೆ ತೆಗೆದರು. ಅದು ನಡೆದ ಕತೆಯೇ. ಕೀನ್ಯಾದ ಇನೂಸಾಯೆನ್ ಎಂಬ ಹಳ್ಳಿಯವನೊಬ್ಬ ಅಮೆರಿಕದಲ್ಲಿ ಓದುತ್ತಿದ್ದ; 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲೇ ಇದ್ದ. ಮರುವರ್ಷ ಊರಿಗೆ ಹೋಗಿ ಕಂಡದ್ದನ್ನು ಹೇಳಿದ. ಅಷ್ಟು ಎತ್ತರದ ಮನೆ ಇರುತ್ತದೆಂದು ನಂಬಲು ಹಿರಿಯರಿಗೆ ಕಷ್ಟವಾಯಿತಂತೆ. ನಂಬಿದ ಮೇಲೆ ಅಮೆರಿಕಕ್ಕೆ 14 ಹಸು ಕೊಟ್ಟರು. 2002ರ ಜೂನ್‌ನಲ್ಲಿ ನೈರೋಬಿಯಿಂದ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿ ಹೋಗಿ, ಕೆಂಪು ಬಟ್ಟೆಯುಟ್ಟು ನಿಂತ ಜನರ ನಡುವೆ ಹಗ್ಗ ಹಿಡಿದು ಸ್ವೀಕರಿಸಿದರು. ಹಸು ಸಾಗಿಸುವುದು ಆಗದ ಮಾತು. ಅವು ಅಲ್ಲೇ ಉಳಿದವು, ಕರು ಹಾಕಿದವು.

ಈ ಕತೆಯನ್ನು ಬೆಂಗಳೂರಿನವರಿಗೆ ಹೇಳಿದರೆ 'ಎಷ್ಟು ಮುದ್ದಾಗಿದೆ' ಅನ್ನುತ್ತಾರೆ. ತೆರಕಣಾಂಬಿಯ ದನದ ಸಂತೆಯಲ್ಲಿ ಹೇಳಿ ನೋಡಿ. ನಾನು ಹೇಳಿದ್ದೇನೆ. ಹಳ್ಳಿಕಾರ್ ಹೋರಿಯ ಹಲ್ಲು ಎಣಿಸುತ್ತಿದ್ದವನು ಕೈ ಹಿಂದಕ್ಕೆಳೆದುಕೊಂಡು ಕೇಳಿದ, "ಹದ್ನಾಕಾ? ಗಬ್ಬದವಾ, ಗೊಡ್ಡಾ?" ಪಕ್ಕದವನು, "ಗೊಡ್ಡ ಕೊಟ್ಟಾರಾ ಸಾವಿನ್ ಮನ್ಗೆ? ಕರ ಹಾಕ್ದೊ ಅಂತ ಹೇಳ್ತಾವ್ರಲ್ಲ" ಅಂದ. ಆಮೇಲೆ ಹದಿನಾಲ್ಕು ಹಸುವಿನ ಬೆಲೆ ಇವತ್ತಿನ ಸಂತೆಯಲ್ಲಿ ಎಷ್ಟಾದೀತು ಎಂದು ಲೆಕ್ಕ ಹಾಕಿ, ಮೊತ್ತ ಕೇಳಿ ಇಬ್ಬರೂ ಸುಮ್ಮನಾದರು. ಮುದ್ದಾಗಿದೆ ಎಂದು ಯಾರೂ ಅನ್ನಲಿಲ್ಲ. ಕತ್ರಿನಾ ಚಂಡಮಾರುತ ಅಮೆರಿಕಕ್ಕೆ ಬಡಿದಾಗ, ಸುನಾಮಿಯ ಏಟಿನಿಂದ ಇನ್ನೂ ಎದ್ದಿರದ ಶ್ರೀಲಂಕಾ 25,000 ಡಾಲರ್ ಕಳಿಸಿತ್ತು. ಅದನ್ನೂ ತೂಗಬೇಕಾದ ತಕ್ಕಡಿ ಈ ಸಂತೆಯಲ್ಲೇ ಇದೆ.

ನಮ್ಮ ಜಿಲ್ಲೆಯಲ್ಲೇ ಒಂದು ಪರದೇಶವಿದೆ. ಹನೂರಿನಾಚೆ, ಒಡೆಯರಪಾಳ್ಯದ ಹತ್ತಿರ ಧೊಂಡೆನ್‌ಲಿಂಗ್ ಟಿಬೆಟನ್ ನೆಲೆ. 1970ರ ದಶಕದಲ್ಲಿ ಕಾಡಂಚಿನ ಒಣ ನೆಲದಲ್ಲಿ ಅವರಿಗೆ ಜಾಗ ಸಿಕ್ಕಿತು. ಮುಸುಕಿನ ಜೋಳ ಬೆಳೆಯುತ್ತಾರೆ. ಚಳಿಗಾಲ ಬಂತೆಂದರೆ ಸ್ವೆಟರ್ ಮಾರಲು ಊರೂರಿಗೆ ಹೋಗುತ್ತಾರೆ. ಬೆಟ್ಟದ ಹಿನ್ನೆಲೆಯಲ್ಲಿ ಜೊಗ್‌ಚೆನ್ ಮಠದ ಚಿನ್ನದ ಬಣ್ಣದ ಚಾವಣಿ ಕಂಡರೆ, ಮಾದಪ್ಪನ ಸೀಮೆಯೊಳಗೆ ದಾರಿ ತಪ್ಪಿ ಹಿಮಾಲಯಕ್ಕೆ ಬಂದೆವೇ ಅನಿಸುತ್ತದೆ. ಅವರ ಗುರು ದಲೈ ಲಾಮಾ ಲೋಕದಲ್ಲಿ ಎಲ್ಲಿ ಸಾವುನೋವಾದರೂ ತಪ್ಪದೆ ಸಂತಾಪದ ಕಾಗದ ಬರೆಯುವವರು. 2021ರ ಏಪ್ರಿಲ್‌ನಲ್ಲಿ ಕೊರೊನಾ ಎರಡನೇ ಅಲೆಗೆ ಬರೆದರು, ಪ್ರಧಾನಿಯ ನಿಧಿಗೆ ಹಣವನ್ನೂ ಕಳಿಸಿದರು. ಅವರಿಗೆ ರಾಯಭಾರಿಯಿಲ್ಲ, ಶೋಕಕ್ಕೆ ಅರ್ಧಕ್ಕಿಳಿಸಲು ಯಾವ ಸರ್ಕಾರಿ ಕಚೇರಿಯ ಮೇಲೂ ಬಾವುಟವಿಲ್ಲ. ಹಾಗೆ ಬರುವ ಸಂತಾಪಕ್ಕೆ ಯಾವ ರಾಷ್ಟ್ರಪತಿ ಯಾವ ರಾಷ್ಟ್ರಾಧ್ಯಕ್ಷರಿಗೆ ಉತ್ತರ ಬರೆಯಬೇಕೆಂಬ ಕ್ರಮವೂ ಇಲ್ಲ. ಸತ್ತ ಮನೆಯವರ ಕಷ್ಟ ಮನೆಯನ್ನೇ ಕಳೆದುಕೊಂಡವರಿಗೆ ಹೆಚ್ಚು ತಿಳಿಯುತ್ತದೆಯೋ ಏನೋ. ಒಡೆಯರಪಾಳ್ಯದ ಅಂಗಡಿಯಲ್ಲಿ ಥುಕ್ಪಾ ಉಣ್ಣುತ್ತ ನಾನು ಈ ಮಾತು ತೆಗೆದಾಗ ಬಡಿಸುತ್ತಿದ್ದ ಹೆಂಗಸು ಒಳ್ಳೆ ಕೊಳ್ಳೇಗಾಲದ ಕನ್ನಡದಲ್ಲಿ, "ದೀಪ ಹಚ್ತೀವಿ ಸಾರ್, ಇನ್ನೇನ್ ಮಾಡದು" ಅಂದು, ಇನ್ನೊಂದು ಸೌಟು ಹಾಕಿದಳು.

ದೂರದವರ ಮಾತಾಯಿತು. ಪಕ್ಕದವರ ಸಾವಿಗೆ ನಾವೇನು ಮಾಡಿದೆವು?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಕುಸಿದು ಹರಿಯಿತು. ಗುಂಡ್ಲುಪೇಟೆಗೆ ವಯನಾಡು ಹೊರರಾಜ್ಯವೆಂದು ನಕ್ಷೆಯಲ್ಲಿ ಮಾತ್ರ. ನಮ್ಮ ಟೊಮೆಟೊ, ಬೀನ್ಸ್, ಕೋಸು ಬಂಡೀಪುರ ದಾಟಿ ಮೂಲೆಹೊಳೆಯ ಚೆಕ್‌ಪೋಸ್ಟಿನಾಚೆಗೆ ಹೋಗುತ್ತವೆ. ಅಲ್ಲಿಯವರು ಬಂದು ನಮ್ಮ ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾರೆ. ನಮ್ಮ ಜಿಲ್ಲೆಯಿಂದ ಆ ಚಹಾ ತೋಟಗಳಿಗೆ ದುಡಿಯಲು ಹೋಗಿ ಅಲ್ಲೇ ನೆಲೆಸಿದ ಸಂಸಾರಗಳಿದ್ದವು. ಸತ್ತ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಯಲ್ಲಿ ಅವರೂ ಇದ್ದರು.

ಆ ವಾರ ಅಮೆರಿಕದ ಅಧ್ಯಕ್ಷ ಬೈಡನ್ ಸಂತಾಪ ಸೂಚಿಸಿ ರಕ್ಷಣೆಗಿಳಿದ ಭಾರತೀಯ ಯೋಧರನ್ನು ಹೊಗಳಿದರು. ರಷ್ಯಾದ ಪುಟಿನ್ ತಂತಿ ಕಳಿಸಿದರು. ಪೋಪ್ ಫ್ರಾನ್ಸಿಸ್ ಭಾನುವಾರದ ಪ್ರಾರ್ಥನೆಯಲ್ಲಿ ಕೇರಳವನ್ನು ನೆನೆದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಚೂರಲ್‌ಮಲೆಯಲ್ಲಿ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಹೊತ್ತಿಗೆ ಕಟ್ಟಿ ನಿಲ್ಲಿಸಿದರು. ಕರ್ನಾಟಕ ನೂರು ಮನೆ ಕಟ್ಟಿಸಿಕೊಡುತ್ತೇನೆ ಅಂದಿತು. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ನಡೆದದ್ದು ಇದಕ್ಕಿಂತ ಸಣ್ಣದು. ತರಕಾರಿ ಮಂಡಿಯ ಮುಂದೆ ಒಬ್ಬ ಚಾಲಕ ಬೆಳಗಿನಿಂದ ಫೋನ್ ಹಿಡಿದು ಕೂತಿದ್ದ. ಅವನಲ್ಲಿದ್ದ ಮೇಪ್ಪಾಡಿ ಕಡೆಯ ನಂಬರುಗಳೆಲ್ಲ ಅಂಗಡಿಯ ಹೆಸರಲ್ಲೇ: ಬಾಳೆಮಂಡಿ, ಕೋಳಿ ಅಂಗಡಿ, ಟೀಕಡೆ ಕಾಕಾ. ಒಂದೊಂದಕ್ಕೂ ಒತ್ತುತ್ತಾನೆ. ಎತ್ತಿದರೆ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಪ್ರಶ್ನೆ: ಇದ್ದೀಯಾ? ಮನೆಯವರು? ಎಲ್ಲಿ ಮಲಗಿದ್ರಿ? ಉಂಡ್ರಾ? ಎತ್ತದಿದ್ದರೆ ಆ ಹೆಸರಿಗೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿ ಮುಂದಿನದಕ್ಕೆ ಹೋಗುತ್ತಾನೆ. ಟೀಕಡೆ ಕಾಕಾ ಮಧ್ಯಾಹ್ನದ ಮೇಲೆ ಎತ್ತಿದ. ಪರಿಹಾರ ಶಿಬಿರದಲ್ಲಿದ್ದನಂತೆ. ಚಾಲಕ ಫೋನಿಟ್ಟು, "ನಂಗೆ ಮುನ್ನೂರು ರೂಪಾಯಿ ಕೊಡ್ಬೇಕು ಅಂವ" ಎಂದು ನಕ್ಕ. ಕಣ್ಣು ಒರೆಸಿಕೊಂಡದ್ದನ್ನು ನಾವು ನೋಡಲಿಲ್ಲ ಎಂಬಂತೆ ಬೇರೆ ಕಡೆ ತಿರುಗಿದೆವು.

ಆ ವರ್ಷದ ಓಣಂಗೆ ಕೇರಳ ಸರ್ಕಾರ ವಾರದ ಆಚರಣೆಯನ್ನು ರದ್ದು ಮಾಡಿತು. ನಮ್ಮ ಬೇಗೂರು, ಹಂಗಳಗಳ ಬಯಲಿನಲ್ಲಿ ಚೆಂಡು ಹೂವು ಆಗ ಕಿತ್ತಳೆ ಬಣ್ಣದ ಬಟ್ಟೆ ಹಾಸಿದಂತೆ ಬಿರಿದಿತ್ತು. ಈ ಹೂವಿನ ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಉಳಿದದ್ದು ಓಣಂನ ಹೂರಂಗೋಲಿ ಪೂಕ್ಕಳಂಗೆ. ಹೆದ್ದಾರಿಯ ಬದಿಯ ಹೊಲಗಳಲ್ಲಿ ಕೇರಳದ ಪ್ರವಾಸಿಗರು ತಲೆಗಿಷ್ಟು ಎಂದು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಕಿತ್ತವರ ಕೈಗೆ ಎರಡು ದಿನ ಹೋಗದ ಹಳದಿ, ಉಗುರ ಸಂದಿನಲ್ಲಿ ಹಸಿರು, ಉಣ್ಣಲು ಕೂತರೂ ಮೂಗಿಗೆ ಹೊಡೆಯುವ ಕಹಿ ಘಾಟು. ಬದುವಿನಲ್ಲಿ ಕೂತಿದ್ದ ರೈತನನ್ನು, ಈ ಸಲ ವ್ಯಾಪಾರ ಹೇಗೆ ಎಂದು ಕೇಳಿದೆ. "ಅವ್ರ ಮನೇಲಿ ಸಾವಾಗದ. ಹೂವ ಎಷ್ಟು ಅಂತ ಕೇಳಾಕ ಯಾರ್ ಬಂದಾರು" ಅಂದ. ಅವನ ಲೆಕ್ಕದಲ್ಲಿ ನಷ್ಟ ಇತ್ತು, ದೂರು ಇರಲಿಲ್ಲ.

ಮುಂದಿನ ಓಣಂ ಹೊತ್ತಿಗೆ ಅದೇ ಬದುವಿನ ಮೇಲೆ ವಯನಾಡಿನ ಬತ್ತೇರಿಯ ವ್ಯಾಪಾರಿ ನಿಂತಿದ್ದ. ಒಂದು ಹೂವನ್ನು ಕಿತ್ತು, ಹಿಸುಕಿ, ನೀರು ಹೆಚ್ಚಿದೆ ಎಂದು ಮುಖ ಸಿಂಡರಿಸಿ, ರೈತ ಹೇಳಿದ ಬೆಲೆಗೆ ಅರ್ಧ ಕೇಳಿದ. ರೈತ ಅವನ ಅಪ್ಪ, ಅಜ್ಜ, ಕೇರಳದ ಮಳೆ, ಬಂಡೀಪುರದ ರಾತ್ರಿ ಸಂಚಾರ ನಿಷೇಧ ಎಲ್ಲವನ್ನೂ ಸೇರಿಸಿ ಬೈದ. ವ್ಯಾಪಾರಿ ಮಲಯಾಳದಲ್ಲಿ ಅಷ್ಟೇ ಉದ್ದ ಉತ್ತರ ಕೊಟ್ಟ. ಬೈಗುಳ ಮುಗಿದ ಮೇಲೆ ರೈತ ಬೀಡಿ ಚಾಚಿ, "ನಿಮ್ಮಣ್ಣನ ಮಗ್ಳಿಗೆ ಮನೆ ಕೊಟ್ರಾ?" ಎಂದು ಕೇಳಿದ. ಇನ್ನೂ ಇಲ್ಲ, ಬಾಡಿಗೆ ಮನೆಯಲ್ಲೇ ಇದ್ದಾಳೆ ಎಂದ ಅವನು, ಬೀಡಿ ಹಚ್ಚಿಕೊಂಡು ಬೆಲೆಯನ್ನು ಎರಡು ರೂಪಾಯಿ ಏರಿಸಿದ.